ಹಿಮ್ಮಡಿಯ ಗೇರು

ಬೀದಿಯಲ್ಲಿ ಹನ್ನೊಂದು ಗ್ಯಾರೇಜುಗಳು. ಹತ್ತರಲ್ಲಿ, ತನ್ನ ಬೈಕಿಗೆ ಒಂದಿಷ್ಟು ಕೆಲಸ ಮಾಡಿಕೊಡಿ ಎಂದು ಕೇಳಿದ ಟೈಲರಮ್ಮನಿಗೆ ಒಂದೇ ಉತ್ತರ ಸಿಕ್ಕಿತು: "ಮೇಸ್ತ್ರಿ ಬೇಡ ಅಂದಿದಾರೆ, ಅಕ್ಕಾ." ಹನ್ನೊಂದನೆಯದು ಮೇಸ್ತ್ರಿಯದೇ. ಅಲ್ಲಿ ಕೇಳುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಮೇಸ್ತ್ರಿ ಅವಳ ಒಡಹುಟ್ಟಿದ ಅಣ್ಣ. ಉಳಿದ ಹತ್ತು ಮಂದಿಯೂ ಅವನ ಕೈಕೆಳಗೆ ಗ್ರೀಸು ಮೆತ್ತಿಕೊಂಡು ದೊಡ್ಡವರಾದವರು. ಅವನು ಕೆಮ್ಮಿದರೆ ಇವರಿಗೆ ನೆಗಡಿ.

ಅಣ್ಣನ ಹಟಕ್ಕೆ ಕಾರಣ ಅವಳ ಎಡಗಾಲಿನೊಳಗಿತ್ತು. ಹನ್ನೆರಡು ವರ್ಷದ ಹಿಂದೆ ಅವನು ಗಾಡಿ ಓಡಿಸುತ್ತಿದ್ದ, ಅವಳು ಹಿಂದೆ ಕೂತಿದ್ದಳು. ತಿರುವಿನಲ್ಲಿ ಮರಳು ಚೆಲ್ಲಿತ್ತು. ಅವನಿಗೆ ಒಂದು ಗೀರೂ ಆಗಲಿಲ್ಲ. ಅವಳ ಕಾಲು ಮುರಿದು, ಮೊಣಕಾಲಿನಿಂದ ಕೆಳಗೆ ಮೂಳೆಯೊಳಗೆ ಉಕ್ಕಿನ ಸರಳು ಹಾಕಬೇಕಾಯಿತು. ಅಂದಿನಿಂದ ಆ ಪಾದ ಕೆಳಕ್ಕೆ ಒತ್ತುತ್ತದೆ, ಮೇಲಕ್ಕೆ ಏಳುವುದಿಲ್ಲ. ಅಂದಿನಿಂದ ಅಣ್ಣನೂ ಗಾಡಿ ಏರಿಲ್ಲ. ರಿಪೇರಿ ಮಾಡುತ್ತಾನೆ, ಓಡಿಸಿ ನೋಡುವುದನ್ನು ಬೇರೆಯವರಿಗೆ ಬಿಡುತ್ತಾನೆ.

ಹೀಗಿರುವಾಗ ಅವಳು ತನ್ನ ದುಡಿಮೆಯಲ್ಲಿ ಹಳೆಯದೊಂದು ದೊಡ್ಡ ಟೂರಿಂಗ್ ಬೈಕು ಕೊಂಡಳು. ಬೆಳಗಿನ ಹೊತ್ತು ಮೈದಾನದಲ್ಲಿ ಅದನ್ನು ಮೊದಲನೇ ಗೇರಿನಲ್ಲೇ ಸುತ್ತಿಸಿ ಸುತ್ತಿಸಿ ಮೈಗೆ ಒಗ್ಗಿಸಿಕೊಂಡಳು. ಆಮೇಲೆ ಒಂಬತ್ತು ದಿನದ ಪ್ರವಾಸ ಹೊರಟಿದ್ದ ಬೈಕಿನವರ ಗುಂಪಿಗೆ ಹೆಸರು ಕೊಟ್ಟಳು. ಗುಂಪಿನದೊಂದು ಕಟ್ಟಳೆಯಿತ್ತು. ಹೊರಡುವ ಹಿಂದಿನ ದಿನ ಪ್ರತಿ ಗಾಡಿಯನ್ನೂ ಮೇಸ್ತ್ರಿ ತಪಾಸಣೆ ಮಾಡಿ ಚೀಟಿಗೆ ಸಹಿ ಹಾಕಬೇಕು. ಸಹಿ ಇಲ್ಲದ ಗಾಡಿ ಮನೆಗೆ.

ಯಾರೂ ಸ್ಪ್ಯಾನರು ಹಿಡಿಯದಿದ್ದರೆ ತನಗೇನು ಕೈಯಿಲ್ಲವೇ? ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ ಬೈಕನ್ನು ಅಂಗಡಿಯೊಳಗೇ ನುಗ್ಗಿಸಿದಳು. ಮೊದಲು ಸೀಟು. ಅದರ ಸ್ಪಂಜನ್ನು ಒಂದೂವರೆ ಅಂಗುಲ ಹೆರೆದು, ಹೊಸ ಹೊದಿಕೆಗೆ ಜೋಡಿ ಹೊಲಿಗೆ ಹಾಕಿದಳು. ಈಗ ಎರಡು ಪಾದವೂ ನೆಲಕ್ಕೆ ತಾಗಿದವು. ಆಮೇಲೆ ಗೇರಿನ ಲಿವರು. ಹಳೆಯದರಲ್ಲಿ ಗೇರು ಏರಿಸಲು ಕಾಲ್ಬೆರಳಿನ ತುದಿಯಿಂದ ಮೇಲಕ್ಕೆತ್ತಬೇಕು, ಅದು ಅವಳಿಂದ ಆಗದ ಮಾತು. ಹೊಸದಕ್ಕೆ ಹಿಂದೆಯೂ ಒಂದು ಕೈಯಿತ್ತು. ಹಿಮ್ಮಡಿಯಿಂದ ತುಳಿದರೆ ಗೇರು ಏರುತ್ತದೆ. ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ ಮೇಲೆ ಅದು ಅವಳ ಮೇಲೇಳದ ಪಾದಕ್ಕೆ ಅಳತೆಗೆ ಹೊಲಿದಂತೆ ಒದಗಿತು.

ಪರದೆ ಹೊಲಿಸಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು.

"ಇದೇನೇ ಇದು, ಅಂಗಡಿನಾ ಆಸ್ಪತ್ರೆನಾ? ಇದರ ಕರುಳೆಲ್ಲ ಹೊರಗಿದೆ!"

"ಸುಮ್ನೆ ನಿಂತು ನೋಡ್ಬೇಡಿ ಅತ್ತಿಗೆ. ಆ ಕಡೆಯಿಂದ ಬೋಲ್ಟು ಹಿಡ್ಕೊಳ್ಳಿ."

"ನಿಮ್ಮಣ್ಣನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

"ಪರದೆ ಅಳತೆ ತಗೊಂಡ್ಲು ಅನ್ನಿ."

ಅತ್ತಿಗೆ ಬೋಲ್ಟು ಹಿಡಿದಳು. ಹೀಗೆ ಸಾಮಾನು ಪೆಟ್ಟಿಗೆಗಳ ಚೌಕಟ್ಟು ಎರಡು ಪಕ್ಕಕ್ಕೂ ಕೂತಿತು, ಮುಂದೆ ಗಾಳಿ ತಡೆಯುವ ಗಾಜು ನಿಂತಿತು. ಮಂಜಿನ ದೀಪಗಳ ಡಬ್ಬಿಯೊಳಗಿದ್ದ ಇರುವೆ ಅಕ್ಷರದ ಕಾಗದ ಓದಿ ಓದಿ, ಅವಕ್ಕೆ ಫ್ಯೂಸು ಸಮೇತ ವೈರು ಎಳೆದಳು. ಬೆನ್ನು ಬಾಗದಿರಲೆಂದು ಹ್ಯಾಂಡಲನ್ನು ಎತ್ತರಿಸುವ ಎರಡು ಲೋಹದ ತುಂಡುಗಳನ್ನು ಅದರ ಕೆಳಗೆ ಇಟ್ಟು ಬಿಗಿದಳು. ಕೊನೆಗೆ ಕೇಬಲ್ಲುಗಳು. ಹೊಲಿಗೆಯವರಿಗೆ ನೇತಾಡುವ ದಾರ ಕಂಡರೆ ಕೈ ತುರಿಸುತ್ತದೆ. ಹ್ಯಾಂಡಲನ್ನು ನೆಟ್ಟಗೆ ನಿಲ್ಲಿಸಿ, ಒಂದೊಂದು ಕೇಬಲನ್ನೂ ಸುಕ್ಕಿಲ್ಲದಂತೆ ಎಳೆದು, ಹದಿನಾರು ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಿ, ತುದಿಗಳನ್ನು ಕತ್ತರಿಸಿದಳು. ನೋಡಲು ಅಷ್ಟು ಚೆಂದವಿತ್ತು ಎಂದರೆ ಎರಡು ಸಲ ಸುತ್ತು ಬಂದು ನೋಡಿದಳು.

ಶನಿವಾರ ಬೆಳಿಗ್ಗೆ ಗುಂಪಿನ ಇಪ್ಪತ್ತು ಗಾಡಿಗಳ ನಡುವೆ ಅವಳ ಗಾಡಿಯೂ ಅಣ್ಣನ ಅಂಗಳದಲ್ಲಿ ನಿಂತಿತು. ಮೇಸ್ತ್ರಿ ಉಳಿದವಕ್ಕೆ ಐದೈದು ನಿಮಿಷ ಕೊಟ್ಟ. ತಂಗಿಯದಕ್ಕೆ ಮುಕ್ಕಾಲು ಗಂಟೆ. ಪೆಟ್ಟಿಗೆ ಅಲ್ಲಾಡಿಸಿದ, ದೀಪದ ವೈರು ಮೂಸಿದ, ಸೀಟು ಎತ್ತಿ ನೋಡಿದ. ಮೊಸರಲ್ಲಿ ಕಲ್ಲು ಹುಡುಕುವವನಿಗೂ ಇಷ್ಟು ತಾಳ್ಮೆ ಇರುವುದಿಲ್ಲ.

"ಲಿವರು ಯಾರು ಹಾಕಿದ್ದು?"

"ದೆವ್ವ."

"ಯಾವನೋ ಕದ್ದು ಮಾಡ್ಕೊಟ್ಟಿದಾನೆ. ಹೆಸರು ಹೇಳು."

"ಈ ಬೀದಿ ಗಂಡಸರಿಗೆ ಅಷ್ಟು ಧೈರ್ಯ ಎಲ್ಲಿದೆ, ಅಣ್ಣ?"

ಸುತ್ತ ನಿಂತಿದ್ದ ಹತ್ತು ಗ್ಯಾರೇಜಿನವರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ತಮ್ಮ ಚಪ್ಪಲಿ ನೋಡುವ ಕೆಲಸ ಬಂತು. ಮೇಸ್ತ್ರಿ ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಯಾರೂ ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ಕಿರುಚಿಕೊಂಡಿತು. ನೆಟ್ಟಗೆ ಮಾಡಿದ, ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಕಿರುಚಿತು.

"ನೋಡ್ದಾ? ಕೇಬಲ್ ಎಳೀತಿದೆ. ತಿರುವಲ್ಲಿ ತಾನಾಗೇ ಓಡಿಹೋಗುತ್ತೆ ಇದು!" ಅವನ ದನಿಯಲ್ಲಿ ಗೆಲುವಿತ್ತು, ಆದರೆ ಕೈ ಆಗಲೇ ಕೀ ತಿರುಗಿಸಿ ಇಂಜಿನ್ ಆರಿಸಿತ್ತು. "ಬಟ್ಟೆ ಹೊಲಿಯೋಳು ಬಟ್ಟೆ ಹೊಲೀಬೇಕು ಕಣೇ."

ಟೈಲರಮ್ಮನ ಕಿವಿ ಕೆಂಪಾಯಿತು. ಅವನ ಮಾತಿಗಲ್ಲ. ತೋಳಿನ ಅಳತೆಗೆ ಬಂದವರಿಗೆಲ್ಲ "ಮೊಣಕೈ ಮಡಚಿ ನಿಲ್ಲಿ, ನೆಟ್ಟಗಿಟ್ರೆ ಆಮೇಲೆ ಎಳೆಯುತ್ತೆ" ಎಂದು ಇಪ್ಪತ್ತೈದು ವರ್ಷದಿಂದ ಗದರುತ್ತ ಬಂದವಳು ತಾನು!

"ಎಷ್ಟೊತ್ತಿನವರೆಗೆ ಟೈಮಿದೆ?" ಎಂದು ಗುಂಪಿನ ಮುಖ್ಯಸ್ಥನನ್ನು ಕೇಳಿದಳು. ಹಲ್ಲಿನ ಡಾಕ್ಟರಾದ ಅವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು.

"ಸಂಜೆ ಐದಕ್ಕೆ ಚೀಟಿ ಕಟ್ಟಿಡ್ತೀನಿ, ಮೇಡಂ."

ಅಂಗಡಿಗೆ ಹೋಗಿ ಹದಿನಾರು ಪಟ್ಟಿಗಳನ್ನೂ ಕತ್ತರಿಸಿ ಎಸೆದಳು. ಹ್ಯಾಂಡಲನ್ನು ಆ ತುದಿಗೆ ತಿರುಗಿಸಿ ಟೇಪು ಹಿಡಿದಳು, ಈ ತುದಿಗೆ ತಿರುಗಿಸಿ ಟೇಪು ಹಿಡಿದಳು. ಕೇಬಲ್ಲುಗಳನ್ನು ಬೇರೆ ದಾರಿಯಲ್ಲಿ ತಂದು, ಬೇಕಾದಷ್ಟು ಸಡಿಲ ಬಿಟ್ಟು, ಆರೇ ಆರು ಕಡೆ ಕಟ್ಟಿದಳು. ನೋಡಲು ಚೆಂದವಿರಲಿಲ್ಲ. ಯಾವ ಕಡೆ ತಿರುಗಿಸಿದರೂ ಇಂಜಿನ್ ಮಾತ್ರ ಒಂದೇ ಸಮ ಗುರುಗುಟ್ಟುತ್ತಿತ್ತು.

ನಾಲ್ಕೂವರೆಗೆ ಮೇಸ್ತ್ರಿ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಎಡಕ್ಕೆ. ಪೆನ್ನಿನ ಮುಚ್ಚಳ ತೆಗೆದ. ಹಾಕಿದ.

"ಸಹಿ ಹಾಕಲ್ಲ."

"ದೋಷ ಅನ್ನೋ ಜಾಗದಲ್ಲಿ ಏನಾದ್ರೂ ಬರೀಬೇಕಲ್ವಾ, ಮೇಸ್ತ್ರಿಗಳೇ?" ಎಂದ ಕ್ಯಾಪ್ಟನ್.

"ಅವಳ ಕಾಲು ಅಂತ ಬರೀತೀನಿ."

"ಬರಿ," ಎಂದಳು ಅವಳು. "ಹಾಗೇ ಆ ಕಾಲು ಯಾರ ಕೈಯಲ್ಲಿ ಮುರೀತು ಅಂತಾನೂ ಬರಿ. ಹನ್ನೆರಡು ವರ್ಷದಿಂದ ಅದಕ್ಕೆ ನೀನು ಅಳ್ತಿದೀಯ, ನಾನಲ್ಲ. ಸರಳು ಇರೋದು ನನ್ನೊಳಗೆ ಕಣೋ. ನಿನ್ನ ಹೆದರಿಕೇನ ಇನ್ನೆಷ್ಟು ವರ್ಷ ನಾನು ಹೊರಲಿ?"

ಅಂಗಳದಲ್ಲಿ ಯಾರದೋ ಕೈಯಿಂದ ಸ್ಪ್ಯಾನರು ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಹೇಳಿದ್ದು ಹೆಚ್ಚಾಯಿತೇ ಎಂದು ಅವಳಿಗೂ ಒಂದು ಗಳಿಗೆ ಅನಿಸಿತು. ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ. ಗಾಡಿ ಏರಿ ಚಾಲೂ ಮಾಡಿದಳು.

"ಹಿಂದೆ ಕೂತ್ಕೋ."

"ಏನು?"

"ನನ್ನ ಕಾಲೇ ದೋಷ ಅಂದ್ಯಲ್ಲ, ತಪಾಸಣೆ ಮಾಡು. ಎಲ್ಲಿ ತಪ್ಪುತ್ತೋ ಅಲ್ಲಿ ಹೇಳು, ಅಲ್ಲೇ ಇಳಿದು ಕೀ ನಿನ್ನ ಕೈಗೆ ಕೊಡ್ತೀನಿ."

ಇಡೀ ಬೀದಿ ನೋಡುತ್ತಿತ್ತು. ಮೇಸ್ತ್ರಿ ಹೆಲ್ಮೆಟ್ಟಿಗಾಗಿ ಕೈ ಚಾಚಿದ. ಹತ್ತು ಜನ ಹತ್ತು ಹೆಲ್ಮೆಟ್ಟು ಹಿಡಿದರು. ಚೀಟಿ ಕಟ್ಟಿದ ರಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಹತ್ತಿ ಕೂತ. ಕೂತವನು ಪೆಟ್ಟಿಗೆಯ ಚೌಕಟ್ಟನ್ನು ಹಿಡಿದ ರಭಸಕ್ಕೆ ಗಾಡಿಯೇ ಒಮ್ಮೆ ಜಗ್ಗಿತು.

ಅವಳು ಕ್ಲಚ್ ಬಿಟ್ಟಳು. ಹಿಮ್ಮಡಿ ತುಳಿದಳು, ಎರಡನೇ ಗೇರು. ತುಳಿದಳು, ಮೂರು.

"ಬ್ರೇಕು! ಮುಂದೆ ಲಾರಿ! ಎಡಕ್ಕೆ ತಗೋ!"

"ಬಾಯ್ಮುಚ್ಕೊಂಡು ಕೂತ್ಕೋ ಅಣ್ಣ. ಲಾರಿ ನಿಂತಿದೆ."

ನೀರಿನ ಟ್ಯಾಂಕಿನ ಹತ್ತಿರ ತಿರುವು ಬಂತು. ಗ್ಯಾರೇಜಿನವರು ಪರೀಕ್ಷೆಗೆ ಒಯ್ದ ಗಾಡಿಗಳನ್ನೆಲ್ಲ ಅಲ್ಲಿಂದಲೇ ಹಿಂದಿರುಗಿಸುತ್ತಾರೆ. ಅವಳು ವೇಗ ಇಳಿಸಿ, ಗೇರು ಇಳಿಸಿ, ಗಾಡಿ ಓರೆ ಮಾಡಿ ತಿರುವು ದಾಟಿ, ಹಿಂದಿರುಗದೆ ಹೆದ್ದಾರಿಗೆ ಬಿದ್ದಳು.

"ಸಾಕು, ತಿರುಗ್ಸೇ!"

"ದೋಷ ಕಂಡ್ತಾ?"

ಗಾಜಿನ ಆಚೆ ಗಾಳಿ ಭೋರ್ಗರೆಯುತ್ತಿತ್ತು.

"ಕಂಡ್ತಾ ಅಂದೆ!"

"ಇಲ್ಲ ಕಣೇ."

"ಹಾಗಾದ್ರೆ ಸಹಿ ಹಾಕು. ಆಮೇಲೆ ತಿರುಗಿಸ್ತೀನಿ."

"ಓಡೋ ಗಾಡಿ ಮೇಲೆ ಹೇಗೆ ಹಾಕ್ಲಿ? ಕೈ ಬಿಡಬೇಕಲ್ಲ!"

"ಬಿಡು."

ಒಂದು ಕಿಲೋಮೀಟರು ಹೋಯಿತು. ಎರಡಾಯಿತು. ಹಿಂದಿನ ಚೌಕಟ್ಟು ಹಗುರಾದದ್ದು ಅವಳಿಗೆ ಗೊತ್ತಾಯಿತು, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ರಟ್ಟಿನ ಅಂಚು ಬೆನ್ನಿಗೆ ಒತ್ತಿತು. ಅವಳು ಗಾಡಿಯನ್ನು ಅಲುಗದಂತೆ ಹಿಡಿದು, ಪೆನ್ನು ಬರೆದು ಮುಗಿಸುವವರೆಗೂ ಉಸಿರು ಬಿಗಿಹಿಡಿದಿದ್ದಳು.