ಸೊನ್ನೆ ತೋರಿಸಿದ ಮೀಟರ್

ಅಣ್ಣನ ಕಾರು ಮತ್ತೆ ಕೈಕೊಟ್ಟಿತು. ಓಡುವಾಗ ಅಲ್ಲ, ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಬ್ಯಾಟರಿ ಹೊಸದು, ಹಾಕಿದವನು ನಾನೇ, ಹಾಗಾಗಿ ಬೈಗುಳವೂ ಮೊದಲು ನನಗೇ ಬಂತು. ಬರಲಿ. ಬೆಳಗಿನಿಂದ ಒಂದು ಲಾರಿಯ ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿಕೊಂಡು ನನ್ನ ಕುತ್ತಿಗೆ ಕೊರಡಾಗಿತ್ತು. ಯಾರು ಬೈದರೂ ಆ ಕಡೆ ತಿರುಗಿ ನೋಡುವ ತ್ರಾಣ ಇರಲಿಲ್ಲ.

ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಚಾಲೂ ಮಾಡಿ, ಕಾರನ್ನು ನನ್ನ ಅಂಗಡಿಯ ತನಕ ಓಡಿಸಿಕೊಂಡು ಬಂದವಳು ಅಣ್ಣನ ಮಗಳು. ಅಣ್ಣ ಪಕ್ಕದ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅವಳು ಇಳಿದವಳೇ ನನ್ನನ್ನು ಒಳಗಿನ ಕಪಾಟಿನ ಹತ್ತಿರ ಕರೆದುಕೊಂಡು ಹೋದಳು.

“ಚಿಕ್ಕಪ್ಪಾ, ಅಪ್ಪ ಲೈಟ್ ಆರಿಸೋದು ಮರೀತಿದ್ದಾರೆ. ಮೊನ್ನೆ ಒಲೇನೂ ಹಾಗೇ ಬಿಟ್ಟು ಹೊರಗೆ ಹೋಗಿದ್ರು. ನೀವು ಸರಿಯಾಗಿ ನೋಡಿಬಿಡಿ. ಗಾಡಿಯಲ್ಲೇ ತೊಂದರೆ ಇದ್ರೆ ಸರಿ. ಇಲ್ಲ ಅಂದ್ರೆ ಇನ್ಮೇಲೆ ಕೀ ನನ್ನ ಹತ್ರಾನೇ ಇರುತ್ತೆ.”

“ನಾನು ಲೈಟ್ ಆರಿಸಿದ್ದೆ!” ಎಂದು ಅಣ್ಣ ಹೊರಗಿನಿಂದಲೇ ಕೂಗಿದ. ಕಿವಿ ಮಾತ್ರ ಇನ್ನೂ ಚುರುಕಾಗಿದೆ.

ಅಣ್ಣ ಅಂದರೆ ಈ ಬೀದಿಯ ಗಾಡಿ ಕರೆಂಟ್ ಕೆಲಸದವರಿಗೆಲ್ಲ ಗುರು. ಅಂಗಡಿಯೂ ಅವನದೇ, ಮಂಡಿ ಹಿಡಿದುಕೊಂಡ ಮೇಲೆ ನನಗೆ ಬಿಟ್ಟುಕೊಟ್ಟ. ನಡೆಯಲು ಆಗುವುದಿಲ್ಲ, ಆದರೆ ಓಡಿಸಲು ಆಗುತ್ತದೆ. ದಿನಾ ಬರುತ್ತಾನೆ, ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಾನೆ, ಹಳೇ ಗಿರಾಕಿಗಳ ಮನೆಗೆ ಹೋಗಿ ಹರಟುತ್ತಾನೆ. ಆ ಕೀ ಕಿತ್ತುಕೊಂಡರೆ ಅವನು ಕುರ್ಚಿಗೆ ಅಂಟಿದ ಹಾಗೆ. ಅವನ ಕಿರಿಕಿರಿ ನನಗೆ ಸಾಕುಸಾಕಾಗಿದೆ ಎಂದು ಹೆಂಡತಿಯ ಹತ್ತಿರ ಗೊಣಗುತ್ತಲೇ ಇರುತ್ತೇನೆ. ಆದರೂ ಅವನು ಬರದ ಅಂಗಡಿ ನನಗೆ ಬೇಡ.

“ಅಣ್ಣಾ, ಕೂತ್ಕೋ. ನಾನೇ ನೋಡ್ತೀನಿ,” ಎಂದೆ.

“ನೀನು ನೋಡಿದ್ರೆ ನನ್ನ ಪರವಾಗಿ ಸುಳ್ಳು ಹೇಳ್ದೆ ಅಂತಾಳೆ. ಇಲ್ಲ ಅವಳ ಪರವಾಗಿ ಹೇಳ್ದೆ ಅಂತೀನಿ ನಾನು. ಕ್ಲ್ಯಾಂಪ್ ಕೊಡಿಲ್ಲಿ.”

ಕ್ಲ್ಯಾಂಪ್ ಅಂದರೆ ಇಕ್ಕಳದಂತೆ ಬಾಯಿ ತೆರೆಯುವ ಸಾಧನ. ಅದರ ತಂತಿಗಳನ್ನು ಮಲ್ಟಿಮೀಟರಿಗೆ ಚುಚ್ಚಿ, ಬಾಯಿಯೊಳಗೆ ಕೇಬಲ್ ಹಿಡಿಸಿದರೆ ಸಾಕು, ಎಲ್ಲೂ ಬಿಚ್ಚದೆ, ಕತ್ತರಿಸದೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಹೇಳುತ್ತದೆ. ನಿಂತ ಕಾರಿನ ಬ್ಯಾಟರಿಯನ್ನು ಯಾವುದೋ ಒಂದು ಭಾಗ ಕದ್ದು ಕುಡಿಯುತ್ತಿದ್ದರೆ ಇದಕ್ಕೆ ಸಿಕ್ಕಿಬೀಳಲೇಬೇಕು.

ಅಣ್ಣನ ಕೈಯನ್ನೇ ನೋಡುತ್ತ ನಿಂತೆ. ಎಂಜಿನ್ ಆರಿಸಿ ಕೀಯನ್ನು ಮಗಳ ಕೈಗೆ ಕೊಟ್ಟು ದೂರ ಕಳಿಸಿದ. ತೆರೆದ ಬಾಗಿಲಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಹಾಕಿದೆ ಎಂದು ಕಾರಿಗೇ ಟೋಪಿ ಹಾಕಿದ. ಬಾನೆಟ್ ಎತ್ತಿ ಸ್ಟೂಲಿನ ಮೇಲೆ ಕೂತು ಕಾದ. ಒಳಗಿನ ಸರ್ಕ್ಯೂಟೆಲ್ಲ ಆರಿ ಕಾರು ನಿದ್ದೆ ಹೋಗದೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಕ್ಲ್ಯಾಂಪಿನ ಖಾಲಿ ಬಾಯಿ ಮುಚ್ಚಿ, ಗುಂಡಿ ತಿರುಗಿಸಿ ಮೀಟರನ್ನು ಸೊನ್ನೆಗೆ ತಂದ. ನಾನು ಸುಸ್ತಾದ ದಿನ ಈ ಕೆಲಸ ಹಾರಿಸಿಬಿಡುತ್ತೇನೆ. ಅವನು ಹಾರಿಸಲಿಲ್ಲ. ಮುದುಕ ಎಲ್ಲರನ್ನೂ ಬೇಸ್ತು ಬೀಳಿಸುತ್ತಾನೆ ಎಂದು ಖುಷಿಯಾಯಿತು.

ಆಮೇಲೆ ಕ್ಲ್ಯಾಂಪ್ ಹಿಡಿಸಿ ಮೀಟರ್ ನೋಡಿದ. ತುಂಬ ಹೊತ್ತು ನೋಡಿದ.

“ಸೊನ್ನೆ,” ಎಂದ.

“ಗಾಡಿಯಲ್ಲಿ ಏನೂ ಇಲ್ಲ ಕಣೋ. ಲೈಟ್ ನಾನೇ ಬಿಟ್ಟಿದ್ದೀನಿ. ಆರಿಸಿದ್ದು ನನಗೆ ನೆನಪಿದೆ. ಆದ್ರೆ ಆ ನೆನಪೇ ಸುಳ್ಳು.” ಮೀಟರನ್ನು ಬ್ಯಾಟರಿಯ ಮೇಲಿಟ್ಟ. “ಅವಳು ಹೇಳಿದ್ದೇ ಸರಿ. ಕೀ ಅವಳ ಹತ್ರಾನೇ ಇರಲಿ.”

ಶುದ್ಧ ಸೊನ್ನೆಯೇ? ಮಲಗಿದ ಕಾರಿಗೂ ಗಡಿಯಾರ ನಡೆಸುವಷ್ಟು, ಬೀಗ ಕಾಯುವಷ್ಟು ಕರೆಂಟ್ ಬೇಕು. ಕುತ್ತಿಗೆ ನೋವನ್ನು ಬದಿಗಿಟ್ಟು ಬಗ್ಗಿ ನೋಡಿದೆ. ಬ್ಯಾಟರಿಯ ಕೆಂಪು ಕೇಬಲ್ಲೂ ಕಪ್ಪು ಕೇಬಲ್ಲೂ ಒಂದೇ ಕಡೆಯಿಂದ ಕೆಳಗಿಳಿಯುತ್ತಿದ್ದವು. ಕ್ಲ್ಯಾಂಪಿನ ಬಾಯಿಯೊಳಗೆ ಎರಡೂ ಇದ್ದವು.

ಹೀಗೆ ಹಿಡಿಸಬಾರದು. ಒಂದರಲ್ಲಿ ಹೋಗುವ ಕರೆಂಟೇ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಎರಡನ್ನೂ ಒಟ್ಟಿಗೆ ಅಳೆದರೆ ಒಂದನ್ನೊಂದು ಅಳಿಸಿ ಸೊನ್ನೆಯೇ ಉಳಿಯುವುದು. ಕೆಲಸ ಕಲಿಯಲು ಬಂದವನಿಗೆ ಅಣ್ಣ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ತಪ್ಪಿದವನ ತಲೆಗೆ ಮೊಟಕುತ್ತಿದ್ದ, ನನ್ನ ತಲೆಗೂ.

ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಸುಮ್ಮನಿದ್ದರೆ, ಮಾಡದ ತಪ್ಪನ್ನು ಅಣ್ಣ ತಲೆ ಮೇಲೆ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಬಾಯಿ ಬಿಟ್ಟರೆ, ಈಗ ತಾನೇ ಮಾಡಿದ ತಪ್ಪು ಅವನ ಕಣ್ಣಿಗೆ ಬೀಳುತ್ತದೆ. ಒಂದು ಗಳಿಗೆ ಇದನ್ನೆಲ್ಲ ಬಿಟ್ಟು ಆ ಲಾರಿಯೊಳಗೇ ಹೋಗಿ ಮಲಗಿಬಿಡೋಣ ಎನಿಸಿತು.

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಕೈ ಹಾಕಿ ಕ್ಲ್ಯಾಂಪ್ ಬಿಡಿಸಿ, ಕಪ್ಪು ಕೇಬಲ್ ಒಂದಕ್ಕೇ ಹಿಡಿಸಿದೆ. ಮೀಟರಿನ ಅಂಕಿ ಜಿಗಿದು ಅರ್ಧ ಆಂಪಿಯರಿನ ಮೇಲೆ ನಿಂತಿತು. ಮಲಗಿದ ಕಾರಿಗೆ ಅದು ರಾಕ್ಷಸರ ಊಟ. ಆಮೇಲೆ ಆಲ್ಟರ್ನೇಟರಿನ ದಪ್ಪ ವೈರಿಗೆ ಹಿಡಿಸಿದೆ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಬ್ಯಾಟರಿ ತುಂಬಿಸಬೇಕಾದ ಯಂತ್ರವೇ ಒಳಗೊಳಗೆ ಸುಟ್ಟು, ಬ್ಯಾಟರಿಯನ್ನು ಖಾಲಿ ಮಾಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಅಣ್ಣಾ, ಲೈಟ್ ನೀನು ಬಿಟ್ಟಿಲ್ಲ. ಇಲ್ಲಿದೆ ನೋಡು ಕಳ್ಳ.”

ಅವನು ಮೀಟರ್ ನೋಡಲಿಲ್ಲ. ನನ್ನ ಕೈಯನ್ನು ನೋಡಿದ, ಕಪ್ಪು ಕೇಬಲ್ ನೋಡಿದ, ಪಕ್ಕದಲ್ಲಿ ಒಂಟಿಯಾಗಿದ್ದ ಕೆಂಪು ಕೇಬಲ್ ನೋಡಿದ.

“ಎರಡೂ ಹಿಡಿದಿದ್ನಾ?”

ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಅವನ ಮಗಳು ಬಂದಳು. ಆಲ್ಟರ್ನೇಟರ್ ಕೆಟ್ಟಿದೆ, ರಿಪೇರಿಗೆ ಗಾಡಿ ಇಲ್ಲೇ ಇರಬೇಕು ಎಂದೆ. ಅವಳ ಮುಖ ಅರಳಿತು, ಮರುಕ್ಷಣವೇ ಸಣ್ಣದಾಯಿತು. ಕೀಯನ್ನು ಅಪ್ಪನ ಮುಂದೆ ಚಾಚಿದಳು.

“ಸುಮ್ಸುಮ್ನೆ ನಿಮ್ಮ ಮೇಲೆ ಹಾಕ್ದೆ ಅಪ್ಪಾ. ತಗೊಳ್ಳಿ.”

ಅಣ್ಣ ಕೈ ಚಾಚಲಿಲ್ಲ. “ಉಳಿದಿದ್ದನ್ನೂ ಹೇಳೋ ಅವಳಿಗೆ,” ಎಂದ ನನಗೆ.

“ಏನಿಲ್ಲಮ್ಮ. ಅಪ್ಪ ಮೊದಲು ಎರಡು ಕೇಬಲ್ಲೂ ಒಟ್ಟಿಗೆ ಹಿಡಿದಿದ್ದ. ಅದಕ್ಕೆ ಸೊನ್ನೆ ಬಂದಿತ್ತು.”

“ಅಷ್ಟೇನಾ?” ಅವಳು ನಕ್ಕಳು. “ಅದು ಯಾರಿಗಾದ್ರೂ ಆಗುತ್ತಪ್ಪ!”

ಹೌದಮ್ಮ ಎಂದುಬಿಟ್ಟರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಅವನ ಹತ್ತಿರ ಕಲಿತವನು ನಾನು, ಈ ವಿಷಯದಲ್ಲಿ ಅವನೆದುರು ಸುಳ್ಳಾಡುವುದು ನನ್ನಿಂದಾಗದು.

“ಕೈ ತಪ್ಪುತ್ತೆ ಕಣಮ್ಮ, ಅದು ದೊಡ್ಡದಲ್ಲ,” ಎಂದ ಅಣ್ಣ. “ಸೊನ್ನೆ ಕಂಡಾಗ ಅನುಮಾನ ಬರಬೇಕಿತ್ತು. ಇವನಿಗೆ ಬಂತು. ನನಗೆ ಬರಲೇ ಇಲ್ಲ.”

ಅವಳ ನಗು ನಿಂತಿತು. ಕೀ ಹಿಡಿದಿದ್ದ ಅವಳ ಬೆರಳುಗಳನ್ನು ಅವನೇ ಮೆಲ್ಲಗೆ ಮಡಿಸಿದ. “ಗಾಡಿ ಸರಿಹೋದ ಮೇಲೆ ನೀನೇ ಬಂದು ತಗೊಂಡು ಹೋಗು.”

ನಾನು ಬಾನೆಟ್ಟಿನೊಳಗೆ ಬಗ್ಗಿದೆ. ಆಲ್ಟರ್ನೇಟರಿನ ಬೋಲ್ಟ್ ಬಿಚ್ಚುವ ನೆಪದಲ್ಲಿ ಅಲ್ಲೇ ಅತ್ತೆ. ಹಿಂದಿನಿಂದ ಅಣ್ಣನ ದನಿ ಕೇಳಿಸಿತು: “ಮೊದ್ಲು ಬ್ಯಾಟರಿ ಕೇಬಲ್ ಬಿಚ್ಚೋ, ದಡ್ಡ.”

ನಿಜಕ್ಕೂ ನಾನು ಬಿಚ್ಚಿರಲಿಲ್ಲ.