ಅಮ್ಮ ಕೊಟ್ಟ ಹೇಳಿಕೆ

ನಮ್ಮಮ್ಮ ಸುಳ್ಳುಗಾರ್ತಿಯಲ್ಲ. ಆದರೆ ಮನೆತನದ ಮರ್ಯಾದೆ ಎಂದರೆ ಸಾಕು, ನಾಲಗೆ ಅವಳ ಹಿಡಿತದಲ್ಲಿರುತ್ತಿರಲಿಲ್ಲ. ಅಣ್ಣನ ಪಿಂಚಣಿ ತಪ್ಪಿದ್ದು ಹಾಗೆ.

ಅಣ್ಣ ಭೋಜ ಪಟಾಲಮಿನಲ್ಲಿದ್ದವನು. ಚೀನಾ ಯುದ್ಧ ಮುಗಿಸಿ ಬಾರ್ಕೂರಿಗೆ ಬಂದಾಗ ಕೈಕಾಲು ನೆಟ್ಟಗಿದ್ದವು, ಕೆಟ್ಟದ್ದು ಮನಸ್ಸು. ಬೊಂಬಾಯಿಯಲ್ಲಿ ಚಿಕ್ಕಮ್ಮನ ಮಗನ ಹೋಟೆಲಿಗೆ ಕಳಿಸಿದೆವು. ಯಾರಾದರೂ ತಟ್ಟೆ ಬೀಳಿಸಿದರೆ ಇವನು ಮೇಜಿನಡಿ ಮಲಗಿ ಕಿವಿ ಮುಚ್ಚಿಕೊಳ್ಳುತ್ತಿದ್ದನಂತೆ. ಮೂರೇ ವಾರಕ್ಕೆ ವಾಪಸು. ಗದ್ದೆಗಿಳಿದರೆ ನಡುಬಿಸಿಲಲ್ಲಿ ನಿಂತಲ್ಲೇ ನಿಂತುಬಿಡುತ್ತಿದ್ದ.

ಯುದ್ಧದಿಂದ ಮನಸ್ಸು ಕೆಟ್ಟು ದುಡಿಯಲಾರದವನಿಗೆ ಪಿಂಚಣಿ ಉಂಟೆಂದು ಯಾರೋ ಹೇಳಿ ಅರ್ಜಿ ಹಾಕಿಸಿದರು. ವಿಚಾರಣೆಗೆ ಬಂದ ಅಧಿಕಾರಿ ಕೇಳಿದ್ದು ಒಂದೇ: ಈ ಕಾಯಿಲೆ ಯಾವಾಗಿನಿಂದ?

ಅಮ್ಮ ನನ್ನ ಮುಖ ನೋಡಿದಳು. ನನಗೆ ಆಗ ಕೊಕ್ಕರ್ಣೆಯ ಹುಡುಗನ ಸಂಬಂಧ ಮಾತಾಡುತ್ತಿದ್ದರು. ನಮ್ಮದು ಅಳಿಯಸಂತಾನ, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಸೋದರಮಾವನಿಗೆ ಹುಚ್ಚು, ನಮ್ಮ ಕಡೆಯ ಮಾತಿನಲ್ಲಿ ಮರ್ಲು, ಎಂದರೆ ಮುಂದೆ ಹುಟ್ಟುವ ಮಕ್ಕಳ ಮೇಲೂ ಜನರಿಗೆ ಅನುಮಾನ. ದೈವದ ಉಪದ್ರವಾದರೆ ಅವಮಾನವಿಲ್ಲ, ಅದಕ್ಕೆ ಪರಿಹಾರವುಂಟು.

“ಮರ್ಲಲ್ಲ ಮಾರಾಯ್ರೆ, ದೈವದ ಉಪದ್ರ. ಸಣ್ಣೋನ್ ಇಪ್ಪತಿಗೆ ದೈವದ ಕಲ್ಲ್ ತುಳ್ದಿದ್ದ. ಆಗ್ಳಿಂದ್ಲೂ ಇತ್ತ್,” ಎಂದಳು.

ಅಧಿಕಾರಿ ಬರೆದುಕೊಂಡರು. ಆರು ತಿಂಗಳಿಗೆ ಉತ್ತರ ಬಂತು: ಕಾಯಿಲೆ ಬಾಲ್ಯದಿಂದ ಇದ್ದದ್ದು, ಸೇವೆಗೆ ಸಂಬಂಧವಿಲ್ಲ, ಪಿಂಚಣಿಯಿಲ್ಲ. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೇಲ್ಮನವಿ ಹಾಕಿದೆವು. ೧೯೬೬ರ ಬೇಸಗೆಯಲ್ಲಿ ಮತ್ತೆ ವಿಚಾರಣೆ, ನಮ್ಮ ಜಗಲಿಯಲ್ಲೇ. ಸಾಕ್ಷಿಗೆ ನೆರೆಮನೆಯ ಚಂದಯ್ಯ ಶೆಟ್ಟರು. ಅಣ್ಣನನ್ನು ಹುಟ್ಟಿದಾಗಿನಿಂದ ಬಲ್ಲ, ಓದುಬರಹ ಗೊತ್ತಿದ್ದ ನೆರೆಯವರು ಅವರೊಬ್ಬರೇ. ನಮ್ಮ ದುರದೃಷ್ಟಕ್ಕೆ ಕೊಕ್ಕರ್ಣೆಯ ಹುಡುಗನ ಸೋದರಮಾವನೂ ಅವರೇ. ನಮ್ಮಲ್ಲಿ ಸೋದರಮಾವನ ಮಾತೇ ಕೊನೆ. ದೈವದ ಉಪದ್ರವೆಂಬ ಮಾತಿನ ಮೇಲೆಯೇ ಆ ಸಂಬಂಧ ಇನ್ನೂ ನಿಂತಿತ್ತು.

ಅಧಿಕಾರಿ ಅದೇ ಪ್ರಶ್ನೆ ಕೇಳಿದರು. ಅಮ್ಮ ಸೆರಗು ತಿರುಚುತ್ತ ಕೂತಳು. ದೈವದ ಹೆಸರೆತ್ತಿ ಆಡಿದ ಮಾತು ಸುಳ್ಳೆಂದು ಒಪ್ಪುವ ಧೈರ್ಯ ಅವಳಿಗಿರಲಿಲ್ಲ. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

“ಅಮ್ಮ ಹೇಳ್ದದ್ದ್ ಸುಳ್ಳ್. ಅಣ್ಣ ಯಾವ ಕಲ್ಲೂ ತುಳೀಲಿಲ್ಲ. ಪಟಾಲಮಿಗೆ ಹೋಪತಿಗೆ ಸಮಾ ಇದ್ದಿದ್ದ. ಯುದ್ಧಕ್ಕೆ ಹೋಯಿ ಮರ್ಲಾಯ್ತ್. ನನ್ ಮದಿ ತಪ್ಪೂದ್ ಬ್ಯಾಡ ಅಂದೇಳಿ ಅಮ್ಮ ಹಂಗ್ ಹೇಳ್ದದ್ದ್.”

ಚಂದಯ್ಯ ಶೆಟ್ಟರು ಅಧಿಕಾರಿಯ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. “ಹೌದ್, ಹೈದ ಸಮಾ ಇದ್ದಿದ್ದ,” ಎಂದು ಸಹಿ ಹಾಕಿದರು. ಅವರ ಪ್ರಾಮಾಣಿಕತೆಗೆ ಕೈಮುಗಿಯಬೇಕು. ಆದರೆ ಎದುರಿಗಿಟ್ಟ ಬೆಲ್ಲ, ನೀರು ಮುಟ್ಟದೆ ಎದ್ದು ಹೋದರು. ಸಂಬಂಧ ಮುರಿಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಮ್ಮ ಒಳಗೆ ಹೋಗಿ ಅತ್ತಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಪಿಂಚಣಿ ಮಂಜೂರಾಗುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ನನ್ನ ನೆನಪಿನಲ್ಲಿ ನಿಂತದ್ದು ಆ ಮಧ್ಯಾಹ್ನವೇ.

ಜಗಲಿಯ ಮೂಲೆಯಲ್ಲಿದ್ದ ಅಣ್ಣನನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಅಮ್ಮನ ಮಾತು ನಂಬಿ ಅವನು ಎರಡು ವರ್ಷದಿಂದ ಪ್ರತಿ ಸಂಕ್ರಮಣಕ್ಕೆ ಉಪವಾಸವಿದ್ದು, ದೈವದ ಮುಂದೆ ನಿಂತು ತಪ್ಪಾಯಿತೆಂದು ಕೈಮುಗಿಯುತ್ತಿದ್ದ.

“ಪ್ರಭಾ,” ಎಂದ, “ಹಂಗಾರೆ ನಾನ್ ಎಂತ ತಪ್ಪೂ ಮಾಡ್ಲಿಲ್ಯಾ?”

“ಇಲ್ಲ ಅಣ್ಣ,” ಎಂದೆ.

ಮತ್ತೊಮ್ಮೆ ಕೇಳಿದ. ಸಂಜೆಯವರೆಗೂ ಅವನು ಕೇಳುತ್ತಲೇ ಇದ್ದ, ನಾನು ಹೇಳುತ್ತಲೇ ಇದ್ದೆ.