ಹಗೇವಿನಲ್ಲಿ ಕೂಗಿದವನು ನಾನೇ

ನಾನು ಒಂದು ಜೀವಕೋಶ. ಗುರುಸಿದ್ದಪ್ಪ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವನ ಕೊರಳಲ್ಲಿ, ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಹುಟ್ಟಿದೆ. ನಮ್ಮ ಮನೆ ಅಕ್ಕಿಕಾಳಿನಷ್ಟು. ಅದರಲ್ಲಿ ನನ್ನಂಥವರು ಸಾವಿರಾರು ಇದ್ದಾರೆ. ಆದರೆ ನಿಜ ಹೇಳುತ್ತೇನೆ, ದುಡಿಯುವವನು ನಾನೊಬ್ಬನೇ.

ರಕ್ತದ ಆಮ್ಲಜನಕ ಕಾಯುವುದು ನನ್ನ ಕೆಲಸ. ಅದು ಇಳಿದರೆ ನನ್ನ ಮೈಯಿಂದ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ನಾನು ಪಕ್ಕದ ನರಕ್ಕೆ ರಾಸಾಯನಿಕ ಎರಚಿ ಕೂಗುತ್ತೇನೆ. ನರ ಮಿದುಳನ್ನು ಎಬ್ಬಿಸುತ್ತದೆ, ಉಸಿರು ಜೋರಾಗುತ್ತದೆ. ಇಷ್ಟೆಲ್ಲ ಮಾಡಿದರೂ ಹೆಸರು ಮಾತ್ರ ಹೃದಯಕ್ಕೆ!

ಅರವತ್ತು ವರ್ಷ ಗುರುಸಿದ್ದಪ್ಪ ನನ್ನ ಮಾತು ಕೇಳಲಿಲ್ಲ. ನಾನು ಕೂಗಿದರೆ "ಬೀಡಿ ಜಾಸ್ತಿ ಆತು" ಎನ್ನುತ್ತಿದ್ದ.

ಕಳೆದ ವರ್ಷ ಅಂಗಳದ ಹಗೇವು ತೆರೆದ. ನೆಲದೊಳಗೆ ಜೋಳ ತುಂಬಿಡುವ ಆ ಆಳದ ಗುಂಡಿಯಲ್ಲಿ ಗಾಳಿ ಕೆಟ್ಟಿರುತ್ತದೆ. ಒಂದು ದಿನ ತೆರೆದಿಟ್ಟು, ಉರಿಯುವ ಕಂದೀಲು ಇಳಿಸಿ ನೋಡಿ, ಅದು ಆರದಿದ್ದರೆ ಇಳಿಯುವುದು ರೂಢಿ.

"ಕಂದೀಲ ಇಳಿಸಿ ನೋಡ್ರಿ ಮೊದಲ," ಎಂದಳು ಹೆಂಡತಿ ನೀಲವ್ವ.

"ಕಂದೀಲಿಗಿಂತ ನಾ ಕಡಿಮಿ ಆದ್ನೇನ? ನಂದು ಎತ್ತಿನ ಎದಿ!"

"ಎತ್ತಿಗಿರೋ ಅಷ್ಟು ಬುದ್ಧೀನೂ ಇರಬೇಕಿತ್ತು," ಎನ್ನುತ್ತ ಅವಳು ಅವನ ಸೊಂಟಕ್ಕೆ ಹಗ್ಗ ಬಿಗಿದಳು.

ಏಣಿಯ ನಾಲ್ಕನೇ ಮೆಟ್ಟಿಲಿಗೇ ಆಮ್ಲಜನಕ ಕುಸಿಯಿತು. ನಾನು ಮೂರು ಲೋಕ ನಡುಗುವಂತೆ ಕೂಗಿದೆ. ಈ ಮೂರ್ಖ ಏದುಸಿರು ಬಿಡುತ್ತಲೇ ಇನ್ನೆರಡು ಮೆಟ್ಟಿಲು ಇಳಿದ! ಮತ್ತೆ ಕೂಗಿದೆ. ಆ ಏದುಸಿರು ಎಣ್ಣೆ ಕಾಣದ ರಾಟೆಯಂತೆ ಮೇಲಕ್ಕೆ ಕೇಳಿಸಿತು. ನೀಲವ್ವ ಕಿರುಚಿ ಓಣಿಯವರನ್ನು ಕರೆದಳು. ನಾಲ್ಕು ಜನ ಸೇರಿ ಎಳೆದರು. ಹೊರಗೆ ಬಿದ್ದಾಗ ಅವನ ತುಟಿ ನೇರಳೆಹಣ್ಣಾಗಿತ್ತು.

ಡಾಕ್ಟರು ವೈರು ಅಂಟಿಸಿದ್ದು ಎಲ್ಲಿ? ಎದೆಗೆ! "ಹಾರ್ಟ್ ಗಟ್ಟಿ ಐತಿ ಅಜ್ಜಾರ," ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುದುಕ ಅದನ್ನೇ ಊರೆಲ್ಲ ಸಾರಿ, ಈ ವರ್ಷ ಮತ್ತೆ ಹಗೇವಿಗೆ ಇಳಿಯಲು ಏಣಿ ತಂದ.

ನನಗೂ ವಯಸ್ಸಾಗಿದೆ. ಯಾರಿಗೂ ಹೇಳಬೇಡಿ, ಇನ್ನೊಮ್ಮೆ ಕೂಗಿದರೆ ಕೇಳಿಸುತ್ತದೋ ಇಲ್ಲವೋ.

ಅಷ್ಟರಲ್ಲಿ ನೀಲವ್ವ ಮೊರ ಹಿಡಿದು ಬಂದು, ಹಗೇವಿನ ಬಾಯಿ ಮುಚ್ಚಿದ ಕಲ್ಲಿನ ಮೇಲೆ ಕೂತು ಬೇಳೆ ಹಸನು ಮಾಡತೊಡಗಿದಳು.

"ಏಳ, ಕಲ್ಲ ತೆಗೀಬೇಕು."

"ನನ್ನ ಎತ್ತಿ ಬದೀಗಿಟ್ಟು ಇಳೀರಿ. ಹೆಂಗೂ ಹಾರ್ಟ್ ಗಟ್ಟಿ ಐತೆಲ್ಲ."

ಅವಳು ದನಿಯನ್ನೂ ಏರಿಸಲಿಲ್ಲ. ಅವನು ಏಣಿಯನ್ನು ನೆಲಕ್ಕೆ ಮಲಗಿಸಿ, ಅವಳ ಪಕ್ಕ ಕೂತು, ಬೇಳೆಯಲ್ಲಿ ಹರಳು ಹುಡುಕತೊಡಗಿದ.

ಜನ್ಮವಿಡೀ ಗಂಟಲು ಹರಿದುಕೊಂಡರೂ ನನ್ನಿಂದ ಆಗದ ಕೆಲಸ! ಹೊಟ್ಟೆ ಉರಿಯಿತು. ಆದರೆ ಅವನ ಉಸಿರು ನೆಟ್ಟಗೆ ನಡೆದಿತ್ತು. ನನಗೆ ಕೂಗಲು ಏನೂ ಇರಲಿಲ್ಲ.